ಇದನ್ನು ಪತ್ರಿಕೆಗೆ ಹಾಕಬೇಡ

ನಮ್ಮ ಕುಟುಂಬಕ್ಕೊಂದು ಪತ್ರಿಕೆ ಇದೆ. ಹೆಸರು ‘ಜಗಲಿ’. ಯುಗಾದಿಗೊಂದು, ದೀಪಾವಳಿಗೊಂದು ಸಂಚಿಕೆ, ಪುಟ ನಾಲ್ಕು, ಪ್ರಸಾರ 62 ಮನೆ. ಚಂದಾ ಇಲ್ಲ. ಜಾಹೀರಾತೂ ಇಲ್ಲ, ಸಿದ್ದಾಪುರದ ಅತ್ತೆಯ ಮಗ ಹಳೇ ಪಂಪ್‌ಸೆಟ್ ಮಾರಲು ಹೊರಟಾಗ ಹಾಕಿಸಿದ ಎರಡು ಸಾಲು ಬಿಟ್ಟರೆ. ಈಗ ಸಂಪಾದಕ ನಾನು. ಪಟ್ಟ ದೊಡ್ಡಪ್ಪನಿಂದ ಬಂದದ್ದು. ಹಿರಿಯರಿಂದ ಯಾವ ತಕರಾರೂ ಇಲ್ಲದೆ ನನ್ನ ಪಾಲಿಗೆ ಬಂದ ಆಸ್ತಿ ಇದೊಂದೇ.

ದೊಡ್ಡಪ್ಪ ಕನ್ನಡ ಶಾಲೆ ಮಾಸ್ತರು. ಅವರ ಕಾಲದಲ್ಲಿ ಪತ್ರಿಕೆ ಸೈಕ್ಲೋಸ್ಟೈಲ್. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಕಬ್ಬಿಣದ ಕಡ್ಡಿಯಿಂದ ಕೊರೆದು ಬರೆಯಬೇಕು, ಶಾಯಿಯ ಉರುಳೆ ತಿರುಗಿಸಬೇಕು. ಇಂಗ್ಲಿಷಿನವರಿಗೆ ಅಷ್ಟು ಕಷ್ಟವಿಲ್ಲ. ನಮ್ಮದು ಗುಂಡು ಅಕ್ಷರ. ಕಡ್ಡಿ ಒಂಚೂರು ಒತ್ತಿದರೆ ಸೊನ್ನೆಯ ಹೊಟ್ಟೆ ಪೂರ್ತಿ ಕಳಚಿ ಬಿದ್ದು, ಅಚ್ಚಿನಲ್ಲಿ ಕಪ್ಪು ಬೊಟ್ಟು ಮೂಡುತ್ತಿತ್ತು. ಒಂದು ವರ್ಷ ಚಿಕ್ಕಪ್ಪನ ತೋಟದಲ್ಲಿ 10 ಕ್ವಿಂಟಲ್ ಚಾಲಿ ಅಡಿಕೆ ಆಯಿತೆಂದು ಬರೆದದ್ದು 1ರ ಪಕ್ಕ ಒಂದು ಬೊಟ್ಟಾಗಿ ಮನೆಮನೆಗೆ ಹೋಯಿತು. ಆ ಬೊಟ್ಟು ಒಂಬತ್ತೇ ಇರಬೇಕೆಂದು ಎಲ್ಲರೂ ತೀರ್ಮಾನಿಸಿದರು. ನೆಂಟರ ಏಳಿಗೆಯ ವಿಷಯದಲ್ಲಿ ನಮ್ಮವರ ಊಹೆ ಯಾವಾಗಲೂ ಧಾರಾಳ. ಹದಿನೈದು ದಿನದಲ್ಲಿ ಭಾವನೊಬ್ಬ ಕೈಗಡ ಕೇಳಲು ಬಂದ. ಚಿಕ್ಕಪ್ಪ ತಿದ್ದುಪಡಿ ಹಾಕಿಸೆಂದು ಗಂಟುಬಿದ್ದರೂ ದೊಡ್ಡಪ್ಪ ಹಾಕಲಿಲ್ಲ. “ಮೂಲ ಪ್ರತಿಯಲ್ಲಿ ಸರಿ ಇದೆ” ಅಂದರು.

ತಿದ್ದುಪಡಿ ಮಾತ್ರವಲ್ಲ, ಕೆಟ್ಟ ಸುದ್ದಿಯನ್ನೂ ದೊಡ್ಡಪ್ಪ ಹಾಕುತ್ತಿರಲಿಲ್ಲ. ಇದು ಅವರ ತಪ್ಪೆಂದು ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ಮೂಲಮನೆಯ ಅಟ್ಟದಲ್ಲಿ ಅಜ್ಜನ ಕಾಗದಗಳ ತಂತಿ ಸಿಕ್ಕಿತು. ಆಗ ಬಂದ ಪತ್ರಗಳನ್ನೆಲ್ಲ ಓದಿ, ಕೊಕ್ಕೆ ತಂತಿಗೆ ಚುಚ್ಚಿ, ಕಂಬಕ್ಕೆ ತೂಗುಹಾಕುವ ಪದ್ಧತಿ. ಒಂದೊಂದಾಗಿ ಬಿಡಿಸುತ್ತ ಹೋದೆ. ಮದುವೆ, ಉಪನಯನ, ನಾಮಕರಣ. ಮೂಲೆಗೆ ಹಚ್ಚಿದ ಅರಿಶಿನ ಕಂದಿ ಕಾಫಿ ಕಲೆಯಂತಾಗಿತ್ತು. ಎಲ್ಲದರಲ್ಲೂ “ಉಭಯ ಕುಶಲೋಪರಿ”. ಇಷ್ಟು ದೊಡ್ಡ ತಂತಿಯಲ್ಲಿ ಒಬ್ಬರೂ ಸತ್ತಿರಲಿಲ್ಲ! ಸಾವಿನ ಕಾರ್ಡನ್ನು ಓದಿದ ಕೂಡಲೇ ಹರಿದು ಹಾಕುತ್ತಿದ್ದರು, ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ತಂತಿಯ ಪ್ರಕಾರ ನಮ್ಮ ವಂಶದಲ್ಲಿ ಹುಟ್ಟಿದವರೆಲ್ಲ ಇನ್ನೂ ಇದ್ದಾರೆ.

ಅಂದರೆ ಸೆನ್ಸಾರು ದೊಡ್ಡಪ್ಪನದಲ್ಲ, ಮನೆತನದ್ದೇ.

ಹಾಗಂತ ಸುದ್ದಿ ನಿಲ್ಲುತ್ತಿತ್ತೇ? 1879ರಲ್ಲಿ ಕಾಲಾಣೆಗೆ ಶುರುವಾದ ಪೋಸ್ಟ್ ಕಾರ್ಡಿನಲ್ಲಿ ಗುಟ್ಟು ಬರೆಯುವ ಹಾಗಿರಲಿಲ್ಲ. ಅಂಚೆಯವನೇ ಅದರ ಮೊದಲ ಓದುಗ. ಆದರೆ ಮಡಚಿ ಅಂಟಿಸುವ ನೀಲಿ ಇನ್‌ಲ್ಯಾಂಡಿನಲ್ಲಿ ಒಂದು ಅನುಕೂಲವಿತ್ತು. ಒಳಗಿನ ಮೈತುಂಬ ಮಳೆ, ಬೆಳೆ, ಎಲ್ಲರ ಕ್ಷೇಮ. ಗಂಡಸರು ಅಷ್ಟು ಬರೆದಿಟ್ಟು ಏಳುತ್ತಿದ್ದರು. ಅಂಟಿಸುವ ಮುಂಚೆ ಹೆಂಗಸರ ಕೈಗೆ ಹೋದಾಗ, ಮಡಚುವ ಪಟ್ಟಿಯ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅಡ್ಡಡ್ಡ ನಾಲ್ಕು ಸಾಲು ಸೇರುತ್ತಿದ್ದವು: “ಅವಳು ಬಾಣಂತನಕ್ಕೆ ಬಂದವಳು ವಾಪಸು ಹೋಗುವುದಿಲ್ಲ ಎನ್ನುತ್ತಿದ್ದಾಳೆ. ಎದುರು ಸಿಕ್ಕಾಗ ಹೇಳುತ್ತೇನೆ.” ನಮ್ಮಮ್ಮ ಇನ್‌ಲ್ಯಾಂಡ್ ಬಂದರೆ ಮೊದಲು ಓದುತ್ತಿದ್ದದ್ದು ಆ ಪಟ್ಟಿಯನ್ನು. ಎಷ್ಟೋ ಸಲ ಉಳಿದದ್ದನ್ನು ಓದುತ್ತಲೇ ಇರಲಿಲ್ಲ.

‘ಜಗಲಿ’ಯನ್ನೂ ನಮ್ಮವರು ಹೀಗೇ ಓದುತ್ತಾರೆ, ಇಲ್ಲದ್ದನ್ನು ಹುಡುಕಿಕೊಂಡು. ಒಮ್ಮೆ ದೊಡ್ಡಪ್ಪ ಬರೆದರು: “ಈ ಸಲ ಸಾಗರದ ಅಣ್ಣತಮ್ಮಂದಿರು ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಗಣಪತಿ ಹಬ್ಬವನ್ನು ವಿಜೃಂಭಣೆಯಿಂದ ಆಚರಿಸಿದರು.” ಇಷ್ಟೇ ವಾಕ್ಯ. 62 ಮನೆಯಲ್ಲೂ ಎಲೆಯಡಿಕೆ ಕವಳ ಹಾಕುತ್ತಿದ್ದವರ ಬಾಯಿ ಒಂದು ಕ್ಷಣ ನಿಂತಿತು. ಇಬ್ಬರೂ? ತಮ್ಮ ತಮ್ಮ ಮನೆಯಲ್ಲಿ? ಹಾಗಾದರೆ ಹಿಸ್ಸೆ ಆಯಿತು! ದೇವರ ಪೆಟ್ಟಿಗೆ ಯಾರ ಪಾಲಿಗೆ ಬಂತು?

ಆ ಪ್ರಶ್ನೆಗೆ ಉತ್ತರ ಬೇಕಾದರೆ ಕುಟುಂಬ ಸಮ್ಮಿಲನಕ್ಕೇ ಬರಬೇಕು. ಮೂರು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಮೂಲಮನೆಯ ಅಂಗಳದಲ್ಲಿ ನಮ್ಮದು ಸೇರುತ್ತದೆ. ಅಡಿಕೆ ದಬ್ಬೆಯ ಚಪ್ಪರ, ಅಪ್ಪೆಹುಳಿ, ಹಲಸಿನ ಹಣ್ಣಿನ ಕಡುಬು, “ಹಲೋ ಹಲೋ, ಮೈಕ್ ಟೆಸ್ಟಿಂಗ್”. ಪರಿಚಯ ಕಾರ್ಯಕ್ರಮದಲ್ಲಿ ಒಬ್ಬೊಬ್ಬರೂ ಎದ್ದು ಓದು, ಹುದ್ದೆ, ಊರು ಹೇಳಿ ಚಪ್ಪಾಳೆ ತೆಗೆದುಕೊಂಡು ಕೂರುತ್ತಾರೆ. ಡಲ್ಲಾಸ್‌ನಿಂದ ಬಂದವನಿಗೆ ಸ್ವಲ್ಪ ಹೆಚ್ಚು ಚಪ್ಪಾಳೆ. ಇದೂ ‘ಜಗಲಿ’ಯೇ, ಮೈಕಿನಲ್ಲಿ. ನಿಜವಾದ ಸಮ್ಮಿಲನ ನಡೆಯುವುದು ಹಿತ್ತಿಲಲ್ಲಿ, ಬಚ್ಚಲ ಒಲೆಯ ಹತ್ತಿರ, ಬಾಳೆಕಾಯಿ ಹೆಚ್ಚುವ ಮೆಟ್ಟುಗತ್ತಿಗಳ ಸುತ್ತ. ಇನ್‌ಲ್ಯಾಂಡಿನ ಪಟ್ಟಿಯಲ್ಲಿ “ಎದುರು ಸಿಕ್ಕಾಗ” ಎಂದು ಬಾಕಿ ಇಟ್ಟದ್ದೆಲ್ಲ ಅಲ್ಲಿ ಬಡ್ಡಿ ಸಮೇತ ಚುಕ್ತಾ ಆಗುತ್ತದೆ.

ಕೊನೆಯ ಎರಡು ಸಮ್ಮಿಲನಗಳ ಹಿಂದಿನದರಲ್ಲಿ ದೊಡ್ಡಪ್ಪ ವಂಶವೃಕ್ಷದ ಫ್ಲೆಕ್ಸ್ ಮಾಡಿಸಿದ್ದರು. ಆರು ತಲೆಮಾರು, ನೀಲಿ ಆಕಾಶದ ಕೆಳಗೊಂದು ಮಾವಿನ ಮರ, ಟೊಂಗೆಟೊಂಗೆಗೆ ಹೆಸರು. ಗಂಡುಮಕ್ಕಳ ಹೆಸರಿನಿಂದ ಟಿಸಿಲು ಒಡೆದಿತ್ತು. ಹೆಣ್ಣುಮಕ್ಕಳ ಹೆಸರು ಕೊಟ್ಟ ಊರಿನ ಸಮೇತ ಎಲೆಯ ಹಾಗೆ ಅಲ್ಲಿಗೇ ಮುಗಿದಿತ್ತು. ಸಿದ್ದಾಪುರದ ಅತ್ತೆ ಊಟ ಮುಗಿಸಿ, ಕವಳ ಹಾಕಿ, ಅದರ ಮುಂದೆ ಬಹಳ ಹೊತ್ತು ನಿಂತರು. ಮ್ಯೂಸಿಕಲ್ ಚೇರ್‌ನ ಲೆಕ್ಕ ಬರೆಯುತ್ತಿದ್ದ ಮೊಮ್ಮಗನ ಕೈಯಿಂದ ಮಾರ್ಕರ್ ಪೆನ್ನು ಕಸಿದುಕೊಂಡರು. ತಮ್ಮ ಎಲೆಯ ಕೆಳಗೆ ಒಂದು ಗೆರೆ ಎಳೆದರು. ನಾಲ್ಕು ಮಕ್ಕಳು. ಆಮೇಲೆ ಏಳು ಮೊಮ್ಮಕ್ಕಳು. ಜಾಗ ಸಾಲದೆ ಒಂದು ಟೊಂಗೆ ಆಕಾಶಕ್ಕೆ ಹತ್ತಿ, ಮೇಲೆ ಅಚ್ಚಾಗಿದ್ದ ಮನೆದೇವರ ಪೀಠಕ್ಕೆ ತಾಗಿತು. ಅತ್ತೆ ಕೈ ತೆಗೆದು, ದೇವರಿಗೊಂದು ನಮಸ್ಕಾರ ಹಾಕಿ, ಪಕ್ಕಕ್ಕೆ ತಿರುಗಿಸಿ ಮುಂದುವರಿಸಿದರು. ಅಷ್ಟರಲ್ಲಿ ಹಿಂದೆ ಸಾಲು ನಿಂತಿತ್ತು. ಸಂಜೆಗೆ ಮಾವಿನ ಮರ ಹೋಗಿ ಮೆಣಸಿನ ಬಳ್ಳಿಯ ಹಿಂಡಿಲಾಗಿತ್ತು. ದೊಡ್ಡಪ್ಪ ಕನ್ನಡಕ ಒರೆಸಿಕೊಂಡು ನೋಡಿದರು. “ದೊಡ್ಡ ಸೈಜಿಂದೇ ಮಾಡಿಸಬೇಕಿತ್ತು” ಅಂದರು. ಮುಂದಿನ ಸಂಚಿಕೆಯಲ್ಲಿ “ವಂಶವೃಕ್ಷದ ಅನಾವರಣ ಸುಸೂತ್ರವಾಗಿ ನೆರವೇರಿತು” ಎಂದು ಬಂತು.

ಈ ವಿಷಯದಲ್ಲಿ ನನಗೆ ಕೊಡವರನ್ನು ಕಂಡರೆ ಹೊಟ್ಟೆಕಿಚ್ಚು. ಅವರ ಐನ್‌ಮನೆ ಎಂಬ ಮೂಲಮನೆ, ಒಕ್ಕ ಎಂಬ ಮನೆತನದ ಕಟ್ಟು ಹೇಗೂ ಇದ್ದೇ ಇದೆ. ಅದರ ಮೇಲೆ ಕುಟುಂಬ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಬೇರೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳ ತಂಡ ಸೇರಿಸಿ ಶುರುಮಾಡಿದ್ದು, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಕ್ಕೆ ಮುಟ್ಟಿತು. ಪ್ರತಿ ಸಲ ಒಂದೊಂದು ಮನೆತನದ ಆತಿಥ್ಯ, ಕಪ್ಪಿಗೆ ಆ ಮನೆತನದ್ದೇ ಹೆಸರು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಿದ್ದುಂಟು. ನಮ್ಮಲ್ಲೂ ಮಾಡೋಣವೆಂದು ಒಬ್ಬ ಉತ್ಸಾಹಿ ಸೂಚಿಸಿದ. ಆದರೆ ನಮ್ಮ ಕುಟುಂಬದ ಹನ್ನೊಂದು ಜನ ಒಂದೇ ದಿಕ್ಕಿಗೆ ಚೆಂಡು ಹೊಡೆದ ಇತಿಹಾಸ ಇಲ್ಲ. ಕೈಗೆ ಕೋಲು ಬೇರೆ ಕೊಡಬೇಕು. ಸೂಚನೆ ಬಿದ್ದುಹೋಯಿತು.

ವಾಟ್ಸಾಪ್ ಗುಂಪೂ ಇದೆ. ಅದರ ಕಥೆ ಎಲ್ಲರ ಮನೆಯದೂ ಒಂದೇ, ಬಿಡಿ. ಒಂದು ಗುಂಪಿಗೆ 1024 ಜನರನ್ನು ಸೇರಿಸಬಹುದಂತೆ. ನಮ್ಮಲ್ಲಿ ಸೇರಿದವರು 140, ಮಾತಾಡುವವರು ನಾಲ್ವರು. ಅಲ್ಲಿ ಪಟ್ಟಿಯೂ ಇಲ್ಲ, ಹಿತ್ತಿಲೂ ಇಲ್ಲ.

ಈಗ ದೀಪಾವಳಿ ಸಂಚಿಕೆಯ ಸಮಯ. ಸುದ್ದಿ ಕಳಿಸಿ ಎಂದು ಗುಂಪಿನಲ್ಲಿ ಹಾಕಿ ಹತ್ತು ದಿನವಾಯಿತು. ಬಂದದ್ದು ಮೂರು: ಒಂದು ಗೃಹಪ್ರವೇಶ, ಒಂದು ಶೇಕಡಾ 96, ಪುಣೆಯಿಂದ ಒಂದು ಚುಟುಕು. ನಾಲ್ಕು ಪುಟ ಹೇಗೆ ತುಂಬಿಸಲಿ ಎಂದು ನಿನ್ನೆ ರಾತ್ರಿ ತಲೆ ಕೆರೆದುಕೊಳ್ಳುತ್ತಿದ್ದಾಗ ಫೋನು ಬಂತು. ಸಿದ್ದಾಪುರದ ಅತ್ತೆ. ಎಂಬತ್ತು ದಾಟಿದರೂ ದನಿ ಗಟ್ಟಿ.

“ಎಂತ ಇಲ್ಲೆ, ಸುಮ್ನೆ ಮಾಡಿದ್ದಿ” ಅಂದರು. ಮೊದಲು ಮಳೆ, ಆಮೇಲೆ ಕೊಳೆರೋಗ, ಆಮೇಲೆ ಮಂಗನ ಕಾಟ. ನಾನು ಹಾಳೆ ತೆಗೆದು ‘ಸಿದ್ದಾಪುರ’ ಎಂದು ಬರೆದು ಅಡಿಗೆರೆ ಎಳೆದೆ. ಆಚೆ ಕಡೆ ಅಡಿಗೆಮನೆಯ ಬಾಗಿಲು ಹಾಕಿದ ಸದ್ದು ಕೇಳಿಸಿತು. ಅತ್ತೆಯ ದನಿ ತಗ್ಗಿತು.

“ತಮಾ, ಇದ್ನ ಪೇಪರಿಗೆ ಹಾಕಡ.”

ಪೆನ್ನಿನ ಮುಚ್ಚಳ ಹಾಕಿ, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ಗೋಡೆಗೊರಗಿ ಕೂತೆ.