ಗಾಳಿಗೆ ಬೆನ್ನು ಹಾಕಿ ಹೊರಡಿ

ಬೆಂಗಳೂರಿನ ಭಾವ ನಾನಿರುವ ಮಾಲ್ಟಾಕ್ಕೆ, ಮೆಡಿಟರೇನಿಯನ್ ಕಡಲಿನ ಈ ಪುಟ್ಟ ದ್ವೀಪದೇಶಕ್ಕೆ, ಬಂದಾಗ ಫೋನಿನಲ್ಲಿ ಹತ್ತು ಬೀಚುಗಳ ಪಟ್ಟಿ ಮಾಡಿಕೊಂಡೇ ವಿಮಾನ ಇಳಿದಿದ್ದರು. ಮೊದಲನೆಯದು ಐನ್ ತುಫ್ಫೀಹಾ. ರಾತ್ರಿ ಪಾಳಿ ಮುಗಿಸಿ ಬಂದಿದ್ದ ನಾನು ಗಾಳಿ ಯಾವ ಕಡೆಯದೆಂದು ನೋಡದೆ ತಲೆಯಾಡಿಸಿಬಿಟ್ಟೆ. ಇನ್ನೂರರ ಹತ್ತಿರ ಮೆಟ್ಟಿಲು ಇಳಿದರೆ ಕೆಳಗೆ ಕೆಂಪು ಬಾವುಟ, ಎದೆಯೆತ್ತರದ ಅಲೆ, ಕಣ್ಣಿಗೆಲ್ಲ ಮರಳು.

"ಫೋಟೋದಲ್ಲಿ ಕೊಳದ ಥರ ಇತ್ತಲ್ಲೋ!"

"ಫೋಟೋ ತೆಗೆದ ದಿನ ಗಾಳಿ ಬೇರೆ ಇತ್ತು ಭಾವ."

ಅಷ್ಟೂ ಮೆಟ್ಟಿಲು ವಾಪಸ್ ಹತ್ತಬೇಕು ಅನ್ನುವುದನ್ನು ನಾನಾಗಿ ಹೇಳಲಿಲ್ಲ.

ನಾನು ಹೊನ್ನಾವರದ ಕಡೆಯವನು. ನಮ್ಮಲ್ಲಿ ಬೀಚನ್ನು ಯಾರೂ ಆರಿಸುವುದಿಲ್ಲ. ಕಾರವಾರದಿಂದ ಉಳ್ಳಾಲದವರೆಗೆ ಕರಾವಳಿಯ ಮುಖ ಪಡುವಣಕ್ಕೇ. ಮುಂಗಾರು ಎದ್ದರೆ ಕಾಸರಕೋಡಿನಲ್ಲೂ ಕಡಲು ಕೆರಳುತ್ತದೆ, ಮಲ್ಪೆಯಲ್ಲೂ ಕೆರಳುತ್ತದೆ. ಜೂನ್, ಜುಲೈ ಎರಡೂ ತಿಂಗಳು, 61 ದಿನ, ಯಾಂತ್ರಿಕ ದೋಣಿಗಳು ದಡ ಬಿಡುವಂತಿಲ್ಲ. ಹಾಗಾಗಿ ಊರಿನಲ್ಲಿ ಕೇಳುವ ಪ್ರಶ್ನೆ 'ಯಾವಾಗ' ಅಂತ. 'ಎಲ್ಲಿ' ಅನ್ನುವುದನ್ನು ದೇವರೇ ತೀರ್ಮಾನಿಸಿರುತ್ತಾನೆ: ಗೋಕರ್ಣ, ಇಲ್ಲವೇ ಮುರ್ಡೇಶ್ವರ. ದರ್ಶನ ಮುಗಿಸಿ, ಪ್ಯಾಂಟು ಮಡಚಿ, ಮೊಣಕಾಲವರೆಗೆ ನೀರಿಗಿಳಿದು, ಚುರುಮುರಿ ತಿಂದರೆ ಪ್ರವಾಸ ಸಂಪನ್ನ.

ಮಾಲ್ಟಾದಲ್ಲಿ ಪ್ರಶ್ನೆ ತಿರುವುಮುರುವು. ಪಕ್ಕದ ಗೋಜೊ, ಕೊಮಿನೊ ದ್ವೀಪಗಳನ್ನು ಸೇರಿಸಿದರೂ ಇಡೀ ದೇಶ 316 ಚದರ ಕಿಲೋಮೀಟರ್. ದ್ವೀಪವಾದ್ದರಿಂದ ನಾಲ್ಕೂ ದಿಕ್ಕಿಗೆ ಮುಖ. ಒಂದು ಮಗ್ಗುಲಲ್ಲಿ ಸಮುದ್ರ ಕುದಿಯುತ್ತಿದ್ದರೆ ಇನ್ನೊಂದು ಮಗ್ಗುಲಲ್ಲಿ ಹೆಚ್ಚಾಗಿ ತಣ್ಣಗಿರುತ್ತದೆ. ಇಲ್ಲಿಯವರು ಗಾಳಿಗಳನ್ನು ಹೆಸರು ಹಿಡಿದೇ ಕರೆಯುತ್ತಾರೆ. ವಾಯವ್ಯದ್ದು ಮಯ್ಯಿಸ್ತ್ರಾಲ್, ಈಶಾನ್ಯದ್ದು ಗ್ರಿಗಾಲ್, ಆಗ್ನೇಯದಿಂದ ಬರುವ ಬಿಸಿ, ಜಿಗುಟು ಗಾಳಿ ಶ್ಲೊಕ್. ಹೆಚ್ಚು ದಿನ ಬೀಸುವುದು ಮಯ್ಯಿಸ್ತ್ರಾಲ್. ಗೋಲ್ಡನ್ ಬೇ ಪಕ್ಕದ ನಿಸರ್ಗಧಾಮಕ್ಕೂ ಅದೇ ಹೆಸರು. ಹೆಸರು ನೋಡಿದರೇ ಗೊತ್ತಾಗಬೇಕು, ಆ ಗಾಳಿ ಗೋಲ್ಡನ್ ಬೇ, ಐನ್ ತುಫ್ಫೀಹಾ, ಜ್ನೇಯ್ನಾ ಮೂರಕ್ಕೂ ನೇರ ನುಗ್ಗುತ್ತದೆ ಅಂತ. ಅವತ್ತು ಆಚೆ ಮಗ್ಗುಲಿನ ಮೆಲ್ಲೀಹಾ ಬೀಚಿಗೋ ಆಗ್ನೇಯ ತೀರಕ್ಕೋ ಹೋಗಬೇಕು. ಗ್ರಿಗಾಲ್ ಬೀಸಿದರೆ ಮೆಲ್ಲೀಹಾ ಬೇಡ, ಗೋಜೊದ ಕೆಂಪು ಮರಳಿನ ರಮ್ಲಾ ಕೂಡ ಬೇಡ. ಆಗ ಪಶ್ಚಿಮದ ಆ ಮೂರೇ ಸರಿ. ಗಾಳಿ ಬಂದಾಗ ತೂರಿಕೋ ಅಂತ ನಮ್ಮ ಗಾದೆ. ಇಲ್ಲಿ ಗಾಳಿ ಬಂದಾಗ ಬೆನ್ನು ತಿರುಗಿಸಬೇಕು.

ಪಟ್ಟಿಗಳ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಅವುಗಳಲ್ಲಿ ಗಾಳಿಯೇ ಇರುವುದಿಲ್ಲ. ಎಲ್ಲದರಲ್ಲೂ ಮೊದಲು ಬರುವುದು ಕೊಮಿನೊದ ಬ್ಲೂ ಲಗೂನ್. ನೀರು ಚಂದ, ಸುಳ್ಳಲ್ಲ. ಆದರೆ ಜನಜಂಗುಳಿ ತಡೆಯಲಾಗದೆ 2025ರಿಂದ ಮುಂಗಡ ಬುಕಿಂಗ್ ಕಡ್ಡಾಯ ಮಾಡಿದ್ದಾರೆ. ಸಮುದ್ರಕ್ಕೂ ಟಿಕೆಟ್ಟೇ ಎಂದು ಭಾವ ಕೊಸರಾಡಿದರು.

ಇನ್ನೊಂದು ಮಾತು. ನಮಗೆ ಬೀಚೆಂದರೆ ಮರಳು. ಸ್ಲೀಮಾದಂಥ ಕಡೆ ಜನ ಸುಣ್ಣದ ಕಲ್ಲಿನ ಬಂಡೆ ಮೇಲೆ ಚಾಪೆ ಹಾಸಿ, ಕಬ್ಬಿಣದ ಏಣಿ ಹಿಡಿದು ಆಳದ ನೀರಿಗೆ ಇಳಿಯುತ್ತಾರೆ. ಭರತ-ಇಳಿತ ಗೇಣಿನಷ್ಟು ಇದ್ದರೆ ಹೆಚ್ಚು, ಚಪ್ಪಲಿ ಇಟ್ಟಲ್ಲೇ ಇರುತ್ತದೆ. ನಮ್ಮೂರಿನಲ್ಲಿ ಹಾಗೆ ಬಿಟ್ಟು ಬಂದು ನಾನು ಎರಡು ಜೊತೆ ಕಳೆದಿದ್ದೇನೆ. ಈಜು ಬರುವವರಿಗೆ ಬಂಡೆಯೇ ವಾಸಿ. ಬಾರದವರು ಆ ಕಡೆ ತಲೆ ಹಾಕಬೇಡಿ.

ಭಾವನಿಗೆ ಈಜು ಬರುವುದಿಲ್ಲ. ನಾಲ್ಕನೇ ದಿನವೂ ಮಯ್ಯಿಸ್ತ್ರಾಲ್ ಬಿಡಲಿಲ್ಲ. ಬಸ್ಸು ಹತ್ತಿಸಿ ಬಿರ್ಜೆಬ್ಬುಜಾದ ಪ್ರೆಟ್ಟಿ ಬೇಗೆ ಕರೆದೊಯ್ದೆ. ಎದುರಿಗೇ ಕಂಟೇನರ್ ಬಂದರಿನ ಕ್ರೇನುಗಳು. ಹೆಸರಿಗೂ ನೋಟಕ್ಕೂ ತಾಳಮೇಳವಿಲ್ಲ. ಅವರ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಭಾವ ಎರಡು ಗಂಟೆ ಕುತ್ತಿಗೆಮಟ್ಟ ನೀರಿನಲ್ಲಿ ನಿಂತಿದ್ದರು, ಕರೆದರೂ ಬರಲಿಲ್ಲ.

ಮೊನ್ನೆ ಫೋನ್ ಮಾಡಿದ್ದರು. ಅವರ ಗೆಳೆಯರೊಬ್ಬರು ಆಗಸ್ಟಿನಲ್ಲಿ ಬರುತ್ತಾರಂತೆ, ಒಳ್ಳೆಯ ಬೀಚುಗಳ ಪಟ್ಟಿ ಕಳಿಸು ಎಂದರು. ಬಂದಮೇಲೆ ದಿನಾ ಬೆಳಿಗ್ಗೆ ನನಗೊಂದು ಫೋನ್ ಮಾಡಲು ಹೇಳಿ ಭಾವ, ಎಂದೆ.