ಆ ವೆಬ್ಲಿಗೆ ನಿಕ್ಕಲ್ ಬೇಡ

ಬೆಳಿಗ್ಗೆಯಿಂದ ಯಾರೊಂದಿಗೂ ಸರಿಯಾಗಿ ಮಾತನಾಡಿಲ್ಲ. ಅಷ್ಟು ಸಿಟ್ಟು ಬಂದಿದೆ.

ಸಂಡೂರಿನ ಸೋದರಮಾವನ ಜೊತೆ ಬಳ್ಳಾರಿಯ ಬಂದೂಕಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಮೆಕ್ಕೆಜೋಳಕ್ಕೆ ಕಾಡುಹಂದಿ ನುಗ್ಗುತ್ತವೆಂದು ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದವರು ಮಾವ, ತೋಟಾ ಕೊಳ್ಳುವುದಿತ್ತು. ಅಂಗಡಿಯ ಯಜಮಾನರು ರಿಜಿಸ್ಟರ್ ಬರೆಯುತ್ತಿದ್ದಾಗ ಗಾಜಿನ ಕಪಾಟಿನ ಕೆಳಗಿನ ಸಾಲಿನಲ್ಲಿ ಅದು ಕಂಡಿತು. ಇಂಗ್ಲೆಂಡಿನ ವೆಬ್ಲಿ ಕಂಪನಿಯ, ಪಾಯಿಂಟ್ 32 ಬೋರಿನ ಹಳೆಯ ರಿವಾಲ್ವರ್.

ನನಗೆ ಲೈಸೆನ್ಸ್ ಇಲ್ಲ, ಕೈಗೆ ಕೊಡಿ ಎಂದು ಕೇಳಲಿಲ್ಲ. ನಾನು ಬಗ್ಗಿ ನೋಡುತ್ತಿದ್ದುದನ್ನು ಕಂಡು ಯಜಮಾನರೇ ಹೊರತೆಗೆದು, ಹೆಬ್ಬೆರಳಿನಿಂದ ಎಡಬದಿಯ ಚಿಲಕ ಒತ್ತಿದರು. ನಳಿಗೆ ಮುಂದಕ್ಕೆ ಬಾಗಿತು. ತೋಟಾ ತುಂಬುವ ಖಾಲಿ ಸಿಲಿಂಡರಿನ ನಡುವಿನಿಂದ ನಕ್ಷತ್ರದಂಥ ಬಿಲ್ಲೆಯೊಂದು ಮೇಲೆದ್ದು, ಪೂರ್ತಿ ಬಾಗಿದೊಡನೆ ಟಕ್ಕೆಂದು ಒಳಗೆ ಕೂತಿತು. ಹಾರಿಸಿದ ಆರೂ ತೋಟಾಗಳ ಸಿಪ್ಪೆಯನ್ನು ಒಂದೇ ಸಲಕ್ಕೆ ಹೊರದೂಡುವ ಏರ್ಪಾಡು ಅದು. ಇಷ್ಟು ವರ್ಷಗಳಾದರೂ ಒಂದು ಕೂದಲೆಳೆಯ ಸಡಿಲಿಲ್ಲ! ಹಿಡಿಯ ಬಲಬದಿಯ ಗೀರುಗಳು ಅಂಗೈ ತಾಗಿ ತಾಗಿ ನುಣುಪಾಗಿವೆ, ಎಡಬದಿಯವು ಇನ್ನೂ ಒರಟು. ಚರ್ಮದ ಚೀಲಕ್ಕೆ ಹಾಕಿ ತೆಗೆದು ನಳಿಗೆಯ ತುದಿಯಲ್ಲಿ ಮಾತ್ರ ಕಪ್ಪುನೀಲಿ ಸವೆದು ಬಿಳಿಚಿಕೊಂಡಿದೆ. ಲೋಹ ಉಜ್ಜುವ ಅರ ಹಿಡಿದು ಬದುಕುವವನು ನಾನು, ನನ್ನ ಕಣ್ಣು ತುಂಬಿ ಬಂತು.

ಆಗ ಪಕ್ಕದಲ್ಲಿದ್ದ ಯುವಕ ಲೈಸೆನ್ಸ್ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೇಳಿದ: "ಇದನ್ನೇ ಕೊಡಿ. ಆದರೆ ಬಫಿಂಗ್ ಮಾಡಿಸಿ ನಿಕ್ಕಲ್ ಲೇಪ ಹಾಕಿಸಿರಿ. ಬೆಳ್ಳಿಯ ಹಾಗೆ ಹೊಳೆಯಬೇಕು."

ಬೆಳ್ಳಿಯ ಹಾಗೆ ಹೊಳೆಯಬೇಕಂತೆ! ಆ ಕಪ್ಪುನೀಲಿ ಬಳಿದ ಬಣ್ಣವಲ್ಲ. ಉಕ್ಕಿನ ಮೈಯನ್ನೇ ಹದವರಿತು ಆಕ್ಸೈಡ್ ಮಾಡಿಸಿದ ತೆಳುಪದರ. ತಿಕ್ಕಿ ಹೊಳಪು ಕೊಡುವ ಬಫಿಂಗ್ ಗಾಲಿಗೆ ಹಿಡಿದರೆ ಅದು ಹೋಗುತ್ತದೆ, ಅಂಚುಗಳು ದುಂಡಗಾಗುತ್ತವೆ, ಅಕ್ಷರಗಳು ಮಾಸುತ್ತವೆ. ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷಿಸಿ ಒತ್ತಿದ ಮುದ್ರೆಗಳು ಅದರ ಮೈಮೇಲಿವೆ. ವೆಬ್ಲಿಯನ್ನು ಬ್ರಿಟಿಷ್ ಸೈನ್ಯ ಒಪ್ಪಿಕೊಂಡದ್ದು 1887ರಲ್ಲಿ. 1897ರಲ್ಲಿ ಕಂಪನಿ ವೆಬ್ಲಿ ಅಂಡ್ ಸ್ಕಾಟ್ ಆಯಿತು. ನಮ್ಮ ಕಾನ್ಪುರದ ಕಾರ್ಖಾನೆಯ ಪಾಯಿಂಟ್ 32 ರಿವಾಲ್ವರ್ ಕೂಡ ಹೀಗೆಯೇ ನಳಿಗೆ ಬಾಗಿಸುವ ಅದೇ ವಂಶದ್ದು. ಬಳ್ಳಾರಿಯೋ ದಂಡಿನ ಊರು, ಕಂಟೋನ್ಮೆಂಟ್ ಹೆಸರಿನ ರೈಲು ನಿಲ್ದಾಣ ಇವತ್ತಿಗೂ ಇದೆ. ಇದು ಯಾರ ಸೊಂಟದಲ್ಲಿತ್ತೋ, ಯಾವ ಮನೆಯ ಪೆಟ್ಟಿಗೆಯಲ್ಲಿ ಮಲಗಿತ್ತೋ, ಹೇಳುವುದಕ್ಕೆ ಉಳಿದಿರುವುದು ಆ ಅಕ್ಷರಗಳು ಮತ್ತು ಆ ಸವೆತ ಮಾತ್ರ. ಗುರುತಿನ ಅಂಕಿ ಅಳಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯೇ ನಿಷೇಧಿಸಿದೆ. ಅಂಕಿಯನ್ನು ಕಾನೂನು ಕಾಯುತ್ತದೆ. ಸವೆತವನ್ನು ಕಾಯುವವರು ಯಾರು?

ಕೊಲ್ಲುವ ವಸ್ತುವಿಗೆ ಇಷ್ಟೊಂದು ಮರುಕವೇ ಎಂದು ಮಾವನೇ ಕೇಳಿದರು. ಒಪ್ಪುತ್ತೇನೆ, ಅದು ಆಟಿಕೆಯಲ್ಲ. ಆದರೆ ನಿಕ್ಕಲ್ ಹಾಕಿದರೆ ಅದರ ಗುಂಡು ಹೂವಾಗುವುದಿಲ್ಲವಲ್ಲ! ಅಳಿಯುವುದು ಯಾರೋ ಒಬ್ಬ ಕುಶಲಿಯ ಕೈಕೆಲಸ ಮಾತ್ರ. ಅವನ ದುಡ್ಡು ಅವನಿಷ್ಟ ಎನ್ನುವವರಿಗೆ ನನ್ನಲ್ಲಿ ಉತ್ತರವೂ ಇಲ್ಲ, ತಾಳ್ಮೆಯೂ ಇಲ್ಲ. ಹೊಚ್ಚಹೊಸ ಜೀನ್ಸನ್ನು ತೊಳೆದು, ತಿಕ್ಕಿ, ಹಳೆಯದಾಗಿ ಕಾಣಿಸಿ ಮಾರುವ ಊರು ಇದು. ನಿಜವಾಗಿ ಹಳೆಯದಾದದ್ದು ಎದುರಿಗೆ ಬಂದರೆ ನಮಗೆ ಹೊಳಪು ಬೇಕು.

ಇಷ್ಟು ಸಿಟ್ಟು ಯಾಕೆಂದರೆ ಈ ತಪ್ಪನ್ನು ನಾನೂ ಮಾಡಿದ್ದೇನೆ. ಅಪ್ಪ ತೀರಿಕೊಂಡ ವರ್ಷ ಕೂದಲೆಳೆಯಷ್ಟು ದಪ್ಪವನ್ನೂ ಅಳೆಯುವ ಅವರ ಮೈಕ್ರೊಮೀಟರನ್ನು ನೆನಪಿಗೆ ಇಟ್ಟುಕೊಳ್ಳೋಣವೆಂದು ಉಜ್ಜುಕಾಗದದಿಂದ ತಿಕ್ಕಿ ಬಫಿಂಗ್ ಗಾಲಿಗೆ ಹಿಡಿದೆ. ಅವರ ಹೆಬ್ಬೆರಳು ಮೂವತ್ತು ವರ್ಷ ಒತ್ತಿ ಕಂದುಗಟ್ಟಿದ್ದ ಜಾಗ ಎರಡೇ ನಿಮಿಷದಲ್ಲಿ ಹೋಯಿತು. ಫಳಫಳ ಹೊಳೆಯುವುದನ್ನು ಅವ್ವನ ಕೈಯಲ್ಲಿಟ್ಟೆ. ತಿರುಗಿಸಿ ನೋಡಿ, "ಇದು ಯಾರದಪ್ಪಾ?" ಎಂದು ಕೇಳಿದಳು.

ಆ ಯುವಕ ಶನಿವಾರ ಮುಂಗಡ ತರುತ್ತೇನೆಂದು ಹೇಳಿ ಹೋಗಿದ್ದಾನೆ. ಶುಕ್ರವಾರವೇ ನಾನು ಅಂಗಡಿಗೆ ಹೋಗುತ್ತೇನೆ. ಎಣ್ಣೆ ಒರೆಸಿ ಹಾಗೆಯೇ ಕೊಡಿ ಎಂದು ಯಜಮಾನರನ್ನು ಕೇಳಿಕೊಳ್ಳುತ್ತೇನೆ. ಆ ಹುಡುಗ ಸಿಕ್ಕರೆ ಅಪ್ಪನ ಮೈಕ್ರೊಮೀಟರನ್ನು ಅವನ ಕೈಯಲ್ಲಿಟ್ಟು ತೋರಿಸುತ್ತೇನೆ.