ಸತ್ಯಾಂಶ: ತಾತನ ಬೆನ್ನಿನ ಸಿಲಿಂಡರ್‌ನಲ್ಲಿ ಏನಿತ್ತು?

‘ತಾತ ಆಮ್ಲಜನಕದ ಸಿಲಿಂಡರ್ ಹೊತ್ತು ಸಮುದ್ರದಾಳಕ್ಕೆ ಇಳಿಯುತ್ತಿದ್ದರು’ ಎಂಬ ಒಕ್ಕಣೆಯೊಂದಿಗೆ ಕುಟುಂಬದ ಹಳೆಯ ಸ್ಕೂಬಾ ಚಿತ್ರಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವುದುಂಟು. ತಾತ ಇಳಿದದ್ದು ನಿಜವೇ ಇರಬಹುದು. ಅನಿಲದ ಹೆಸರು ಮಾತ್ರ ತಪ್ಪು.

1943ರಲ್ಲಿ ಫ್ರಾನ್ಸಿನ ಝಾಕ್ ಕುಸ್ತೊ ಮತ್ತು ಎಮಿಲ್ ಗ್ಯಾನ್ಯಾಂ ರೂಪಿಸಿದ ಆಕ್ವಾಲಂಗ್ ಎಂಬ ಸ್ಕೂಬಾ ಉಪಕರಣದಲ್ಲಿ ಇದ್ದದ್ದು ಒತ್ತಿ ತುಂಬಿದ ಮಾಮೂಲಿ ಗಾಳಿ. ಅದರಲ್ಲಿ ಆಮ್ಲಜನಕ ಶೇ 21ರಷ್ಟೇ. ಶುದ್ಧ ಆಮ್ಲಜನಕವನ್ನು ಸುಮಾರು 6 ಮೀಟರ್‌ಗಿಂತ ಆಳದಲ್ಲಿ ಉಸಿರಾಡಿದರೆ, ಒತ್ತಡದಿಂದಾಗಿ ಅದೇ ವಿಷವಾಗಿ ಸೆಳವು (ಫಿಟ್ಸ್) ಬರಬಹುದು. ನೀರಿನಡಿ ಸೆಳವು ಬಂದರೆ ಬಾಯಿಯ ಕೊಳವೆ ಜಾರುತ್ತದೆ, ಮುಂದಿನದ್ದನ್ನು ಹೇಳಬೇಕಿಲ್ಲ. ಕುಸ್ತೊ ಅವರೇ ಮೊದಲು ಆಮ್ಲಜನಕದ ಉಪಕರಣ ಕಟ್ಟಿಕೊಂಡು ಇಳಿದು, ಫಿಟ್ಸ್ ಬಂದೂ ಬದುಕಿ ಬಂದವರು.

ಎರಡನೇ ಮಹಾಯುದ್ಧದ ನೌಕಾಪಡೆಗಳ ಮುಳುಗುಗಾರರು ಶುದ್ಧ ಆಮ್ಲಜನಕ ಬಳಸಿದ್ದು ಹೌದು. ಗುಳ್ಳೆಗಳು ಶತ್ರುವಿಗೆ ಕಾಣಬಾರದೆಂದು, ಬಿಟ್ಟ ಉಸಿರನ್ನು ನೀರಿಗೆ ಬಿಡದೆ ಮರುಬಳಸುವ ಉಪಕರಣದಲ್ಲಿ, ಅದೂ ಆಳಕ್ಕಿಳಿಯದೆ.